ಪ್ಲೇಗು, ಪೋಲೀಸು ಮತ್ತು ಪ್ರಜೆ

ರೈಲು ಹತ್ತುವವನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಟಿಕೆಟ್ಟು ಇದೆಯೆ? ಆದರೆ 1897-98ರಲ್ಲಿ ನಮ್ಮ ದೇಶದ ಎಷ್ಟೋ ನಿಲ್ದಾಣಗಳಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಅದನ್ನು ಬಾಯಿಂದ ಕೇಳುತ್ತಿರಲಿಲ್ಲ, ಕೈಯಿಂದ ಕೇಳುತ್ತಿದ್ದರು. ಗಾಡಿ ಬಂದು ನಿಂತೊಡನೆ ಮೂರನೆಯ ತರಗತಿಯವರೆಲ್ಲ ಗಂಟು ಮೂಟೆ ಸಮೇತ ಕೆಳಗಿಳಿಯಬೇಕು. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಯಾರೂ ಜಾರಿಕೊಳ್ಳದಂತೆ ಸುತ್ತ ಪೋಲೀಸಿನವರು. ಡಾಕ್ಟರು ಸಾಲಿನ ಉದ್ದಕ್ಕೂ ಬರುತ್ತಾನೆ. ಕಣ್ಣು ನೋಡುತ್ತಾನೆ, ನಾಲಗೆ ನೋಡುತ್ತಾನೆ, ನಾಡಿ ಹಿಡಿಯುತ್ತಾನೆ. ಆಮೇಲೆ ಕತ್ತು, ಕಂಕುಳು, ತೊಡೆಯ ಸಂದು ಮುಟ್ಟಿ ನೋಡುತ್ತಾನೆ. ಪ್ಲೇಗಿನ ಗಡ್ಡೆ ಏಳುವುದು ಅಲ್ಲಿಯೇ. ಅನುಮಾನ ಬಂತೋ, ಗಾಡಿ ಮುಂದೆ ಹೋಗುತ್ತದೆ, ಆ ಮನುಷ್ಯ ಹಿಂದೆ ಉಳಿಯುತ್ತಾನೆ. ಅವನ ಹೆಂಡತಿ ಮಕ್ಕಳು ಗಾಡಿಯಲ್ಲಿದ್ದರೂ ಸರಿಯೆ, ಪ್ಲಾಟ್‌ಫಾರಮ್ಮಿನಲ್ಲಿದ್ದರೂ ಸರಿಯೆ. ಮೊದಲನೆಯ ತರಗತಿಯ ದೊರೆಗಳಿಗೆ ಮಾತ್ರ ಬಹುಮಟ್ಟಿಗೆ ಈ ತೊಂದರೆ ಇರಲಿಲ್ಲ.

ಇದನ್ನು ಮಾಡಿದವರು ಕೇವಲ ಕ್ರೂರಿಗಳೆಂದು ತಳ್ಳಿಹಾಕಿದರೆ ಇತಿಹಾಸಕ್ಕೆ ಅನ್ಯಾಯವಾದೀತು. ಪ್ಲೇಗು ಕಟ್ಟುಕಥೆಯಾಗಿರಲಿಲ್ಲ. 1896ರಿಂದ ಮುಂದಿನ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಅದು ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂದಿತು. ಅಂಥ ಮಾರಿಯನ್ನು ತಡೆಯಲು ಸರ್ಕಾರ ಏನನ್ನೂ ಮಾಡಬಾರದಾಗಿತ್ತೆ? ಮಾಡಲೇಬೇಕಾಗಿತ್ತು. ಆದರೆ ಪ್ರಜೆಯ ಒಪ್ಪಿಗೆಯಿಲ್ಲದೆ ಅವನ ಮೈಮುಟ್ಟಿ ನೋಡುವ ಅಧಿಕಾರ ಸರ್ಕಾರಕ್ಕೆ ಎಲ್ಲಿಯವರೆಗೆ ಉಂಟು? ನೋಡುವವನು ವೈದ್ಯನೋ, ಪೋಲೀಸಿನವನೋ, ಸೋಲ್ಜರನೋ? ಈ ಪ್ರಶ್ನೆಗಳ ಸುತ್ತ ನಾಲ್ಕೈದು ವರ್ಷ ದೊಡ್ಡ ಜಗಳವೇ ನಡೆಯಿತು. ಅದರಲ್ಲಿ ರಕ್ತವೂ ಹರಿಯಿತು. ಆ ಜಗಳದ ಕಥೆ ನಮ್ಮ ಬೆಂಗಳೂರು, ಹುಬ್ಬಳ್ಳಿ, ಶ್ರೀರಂಗಪಟ್ಟಣಗಳ ಕಥೆಯೂ ಹೌದು.

ಬಲವಂತದ ತಪಾಸಣೆ ಎಂಬುದು ಪ್ಲೇಗಿನೊಂದಿಗೆ ಹೊಸದಾಗಿ ಬಂದದ್ದಲ್ಲ. 1868ರಲ್ಲಿಯೇ ಭಾರತದಲ್ಲಿ ಒಂದು ಕಾಯಿದೆ ಬಂದಿತ್ತು. ದಂಡು ಪ್ರದೇಶಗಳಲ್ಲಿಯೂ ದೊಡ್ಡ ಊರುಗಳಲ್ಲಿಯೂ ಬಿಳಿಯ ಸಿಪಾಯಿಗಳಿಗೆ ಗುಹ್ಯರೋಗ ತಗಲದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಅದಕ್ಕಾಗಿ ಕೆಲವು ಹೆಂಗಸರ ಹೆಸರನ್ನು ಪೋಲೀಸರ ಪುಸ್ತಕದಲ್ಲಿ ಬರೆಸಬೇಕು. ಅವರು ಗೊತ್ತಾದ ದಿನ ಬಂದು ಡಾಕ್ಟರಿಗೆ ಮೈ ತೋರಿಸಬೇಕು. ತಪ್ಪಿದರೆ ದಂಡ ಅಥವಾ ಸೆರೆ. ರೋಗವಿದ್ದರೆ ಬೀಗ ಹಾಕಿದ ಆಸ್ಪತ್ರೆ. ಇವಕ್ಕೆ ‘ಲಾಕ್ ಆಸ್ಪತ್ರೆ’ ಎಂದೇ ಹೆಸರು. ಬೆಂಗಳೂರಿನ ದಂಡಿನಲ್ಲಿಯೂ ಒಂದಿತ್ತು. ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಹೀಗೆ ಪರೀಕ್ಷಿಸುವ ಪದ್ಧತಿಯೂ ಮೊದಲು ಇತ್ತು; ಅದರಿಂದ ಗಂಡಸಿನ ಆತ್ಮಗೌರವಕ್ಕೆ ಕುಂದು ಬರುತ್ತದೆಂದು ಇಂಗ್ಲೆಂಡಿನಲ್ಲಿ ಅದನ್ನು ಕೈಬಿಟ್ಟಿದ್ದರು. ಹೆಂಗಸಿನ ಆತ್ಮಗೌರವದ ಮಾತು ಕಾಯಿದೆ ಮಾಡಿದವರ ಮನಸ್ಸಿಗೆ ಬರಲಿಲ್ಲ. ಜೋಸೆಫೀನ್ ಬಟ್ಲರ್ ಎಂಬ ಮಹಿಳೆ ಮುಂದೆ ನಿಂತು ಇಂಗ್ಲೆಂಡಿನಲ್ಲಿ ವರ್ಷಾನುಗಟ್ಟಲೆ ಹೋರಾಡಿದ ಮೇಲೆ ಅಲ್ಲಿಯ ಕಾಯಿದೆ 1886ರಲ್ಲಿಯೂ ಇಲ್ಲಿಯ ಕಾಯಿದೆ 1888ರಲ್ಲಿಯೂ ರದ್ದಾದುವು.

ಇದಾದ ಎಂಟು ವರ್ಷಕ್ಕೆ ಪ್ಲೇಗು ಬಂತು. ಆಸ್ಪತ್ರೆ, ಪೋಲೀಸು, ಮೈ ತಪಾಸಣೆ ಈ ಮೂರು ಒಟ್ಟಿಗೆ ಸೇರಿದರೆ ಏನರ್ಥ ಎಂಬುದರ ಒಂದು ಕಹಿ ಅನುಭವ ಆಗಲೇ ಊರುಗಳಲ್ಲಿ ಉಳಿದಿತ್ತು.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಲ್ಲಿಯ ಇಂಗ್ಲಿಷ್ ಸರ್ಕಾರ ಸೋಲ್ಜರುಗಳನ್ನು ಚೀನೀಯರ ಮನೆಮನೆಗೂ ನುಗ್ಗಿಸಿ ರೋಗಿಗಳನ್ನು ಹುಡುಕಿಸಿತು, ಗೋಡೆಗಳಿಗೆ ಸುಣ್ಣ ಬಳಿಸಿತು. ಚೀನೀಯರು ಕಲ್ಲು ಹೊಡೆದರು. ಸಾವಿರಾರು ಜನ ಊರು ಬಿಟ್ಟು ಹೋದರು. ಎರಡು ವರ್ಷದ ಮೇಲೆ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡ್ವಿ ಬಂದರಿನ ಓಣಿಗಳಲ್ಲಿ ಡಾಕ್ಟರ್ ವೀಗಾಸ್ ಎಂಬ ಗೋವೆಯ ವೈದ್ಯರು ಅದೇ ರೋಗವನ್ನು ಗುರುತಿಸಿದರು. ಹಾಂಗ್‌ಕಾಂಗಿನಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಲು ಸರ್ಕಾರ ಹೊರಟಿತು.

ಅಕ್ಟೋಬರಿನಲ್ಲಿ ಮುಂಬಯಿಯ ಮುನಿಸಿಪಲ್ ಕಮಿಷನರ್ ಸ್ನೋ ಒಂದು ಪ್ರಕಟಣೆ ಹೊರಡಿಸಿದ. ರೋಗ ಬಂದವರನ್ನು, ಅವರ ಮನಸ್ಸು ಇರಲಿ ಇಲ್ಲದಿರಲಿ, ಆರ್ಥರ್ ರಸ್ತೆಯ ಆಸ್ಪತ್ರೆಗೆ ಸಾಗಿಸಬಹುದೆಂದಾಯಿತು. ಅದೇ ತಿಂಗಳ 29ನೆಯ ತಾರೀಖು ಗಿರಣಿಗಳಿಂದ ಹೊರಬಿದ್ದ ಸುಮಾರು ಒಂದು ಸಾವಿರ ಕೂಲಿಗಾರರು ಆ ಆಸ್ಪತ್ರೆಯ ಮೇಲೆ ಬಿದ್ದರು. ಮಾರನೆಯ ದಿನವೇ ಸ್ನೋ ತನ್ನ ಆಜ್ಞೆಯನ್ನು ಸಡಿಲಿಸಿದ; ಮನೆಯಲ್ಲಿಯೇ ಬೇರೆ ಇಟ್ಟು ಶುಶ್ರೂಷೆ ಮಾಡಲು ಸಾಧ್ಯವಿದ್ದರೆ ರೋಗಿಯನ್ನು ಎಳೆದೊಯ್ಯುವುದಿಲ್ಲವೆಂದ. ಅವನು ಹೀಗೆ ಹಿಂದೆಗೆದದ್ದು ದೊಂಬಿಯ ಭಯ ಒಂದರಿಂದಲೇ ಅಲ್ಲ. ಊರಿನ ಝಾಡಮಾಲಿಗಳೆಲ್ಲ ಹೆದರಿ ಓಡಿಹೋದರೆ ಮುಂಬಯಿಯಲ್ಲಿ ಮನುಷ್ಯರು ವಾಸಿಸುವಂತಿಲ್ಲ ಎಂಬುದು ಅವನ ದೊಡ್ಡ ಚಿಂತೆ. ದೊರೆಗಳ ಸರ್ಕಾರ ನಿಂತಿದ್ದುದು ಕಸಗುಡಿಸುವವರ ಒಪ್ಪಿಗೆಯ ಮೇಲೆ ಎಂಬುದು ಆ ಸಂಕಟದಲ್ಲಿ ಬಯಲಿಗೆ ಬಂತು.

ಆದರೆ ಈ ಮೆತ್ತನೆಯ ನೀತಿ ಹೆಚ್ಚು ದಿನ ಉಳಿಯಲಿಲ್ಲ. ಯೂರೋಪಿನ ರಾಜ್ಯಗಳು ಹೆದರಿದವು. ಭಾರತದ ಹಡಗುಗಳನ್ನು ತಮ್ಮ ಬಂದರುಗಳಿಗೆ ಸೇರಿಸದೆ ಹೋದರೆ ವ್ಯಾಪಾರದ ಗತಿಯೇನು? 1897ರ ಫೆಬ್ರವರಿ 4ರಂದು ಭಾರತ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಅಂಗೀಕರಿಸಿತು. ಬಹಳ ಚಿಕ್ಕ ಕಾಯಿದೆ, ನಾಲ್ಕೇ ಕಲಮು. ಅಷ್ಟರಲ್ಲಿಯೇ ರೈಲಿನಲ್ಲಿ ಹೋಗುವವರನ್ನು ತಪಾಸಣೆ ಮಾಡಬಹುದು, ಅನುಮಾನ ಬಂದವರನ್ನು ಆಸ್ಪತ್ರೆಯಲ್ಲಿಯೋ ಬೇರೆ ಎಡೆಯಲ್ಲಿಯೋ ಇರಿಸಬಹುದು, ಮಾತು ಕೇಳದವರನ್ನು ಶಿಕ್ಷಿಸಬಹುದು ಎಂದಿತ್ತು. ಕೊನೆಯ ಕಲಮು ಇನ್ನೂ ಸ್ವಾರಸ್ಯವಾದದ್ದು: ಸದುದ್ದೇಶದಿಂದ ಹೀಗೆ ನಡೆದುಕೊಂಡ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ಅಧಿಕಾರ ಒಂದು ಕಡೆ, ರಕ್ಷಣೆಯೂ ಅದೇ ಕಡೆ. ಪ್ರಜೆಯ ಪಾಲಿಗೆ ಉಳಿದದ್ದು ಸಹಿಸುವುದು ಇಲ್ಲವೆ ಬಚ್ಚಿಡುವುದು.

ಈ ಕಾಯಿದೆಯ ನಿಜವಾದ ಪರೀಕ್ಷೆ ನಡೆದದ್ದು ಪುಣೆಯಲ್ಲಿ. ಅಲ್ಲಿಗೆ ಪ್ಲೇಗಿನ ಅಧಿಕಾರಿಯಾಗಿ ಬಂದವನು ವಾಲ್ಟರ್ ರ್‍ಯಾಂಡ್ ಎಂಬ ಐ.ಸಿ.ಎಸ್. ಅಧಿಕಾರಿ. ಮನೆ ಶೋಧಿಸುವ ಕೆಲಸಕ್ಕೆ ಅವನು ಆರಿಸಿಕೊಂಡದ್ದು ಊರಿನ ಪೋಲೀಸರನ್ನಲ್ಲ, ಬಿಳಿಯ ಸೋಲ್ಜರುಗಳನ್ನು. ದೇಶೀಯ ಪೇದೆ ಲಂಚ ತೆಗೆದುಕೊಂಡಾನು, ನೆಂಟನಿಗೆ ದಾಕ್ಷಿಣ್ಯ ಮಾಡಿಯಾನು. ಸೋಲ್ಜರು ಶಿಸ್ತಿನವನು, ಯಾರ ನೆಂಟನೂ ಅಲ್ಲ ಎಂಬುದು ಲೆಕ್ಕ. ಜನರ ಆಚಾರಕ್ಕೆ ಭಂಗ ಬರದಂತೆ ಮರ್ಯಾದೆಯಿಂದ ನಡೆದುಕೊಳ್ಳಬೇಕೆಂದು ಆಜ್ಞೆಯೂ ಇತ್ತು. ಆದರೆ ಭಾಷೆ ತಿಳಿಯದ, ಅಡಿಗೆಯ ಮನೆ ಯಾವುದು ದೇವರ ಮನೆ ಯಾವುದು ಎಂದು ಅರಿಯದ ಸೋಲ್ಜರು ಬೂಟು ಕಾಲಿನಲ್ಲಿ ಒಳಗೆ ಬಂದಾಗ ಆ ಆಜ್ಞೆ ಕಾಗದದ ಮೇಲೆಯೇ ಉಳಿಯಿತು. ಹಾಸಿಗೆ ಬಟ್ಟೆಗಳನ್ನು ಬೀದಿಗೆಸೆದು ಸುಟ್ಟರು, ನೆಲ ಅಗೆದರು, ಹೆಂಗಸರನ್ನು ಹೊಸಲಿನಿಂದಾಚೆಗೆ ಕರೆದು ಪರೀಕ್ಷಿಸಿದರು ಎಂದು ದೂರುಗಳು ಬಂದುವು. ಮಾರ್ಚಿಯಿಂದ ಮೇ ತಿಂಗಳವರೆಗೆ ಎರಡು ಲಕ್ಷಕ್ಕೂ ಮಿಕ್ಕಿ ಸಲ ಮನೆಗಳ ಶೋಧನೆ ನಡೆಯಿತು. ಸಿಕ್ಕ ರೋಗಿಗಳ ಸಂಖ್ಯೆ ನಾನೂರನ್ನು ಮುಟ್ಟಲಿಲ್ಲ. ರೋಗಿಗಳು ಇರಲಿಲ್ಲವೆಂದಲ್ಲ, ಅವರನ್ನು ಅಟ್ಟದ ಮೇಲೆ, ಕಣಜದ ಹಿಂದೆ, ಪಕ್ಕದ ಹಳ್ಳಿಯ ನೆಂಟರಲ್ಲಿ ಬಚ್ಚಿಡುತ್ತಿದ್ದರು.

ಅದೇ ಊರಿನಲ್ಲಿ ಅದೇ ತಿಂಗಳು ಇನ್ನೊಂದು ಬಗೆಯ ಸೇವೆಯೂ ನಡೆದಿತ್ತೆಂಬುದನ್ನು ಮರೆಯಬಾರದು. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ತಮ್ಮ ದತ್ತುಮಗ ಡಾಕ್ಟರ್ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನು ತಾವೇ ಕರೆತರುತ್ತಿದ್ದರು. ಮುಂಢವೆಯ ಕೇರಿಯ ಒಬ್ಬ ಹುಡುಗನನ್ನು ಹೊತ್ತು ತಂದ ಮೇಲೆ ಅವರಿಗೂ ರೋಗ ತಗಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಅಲ್ಲಿಯೂ ರೋಗಿಯನ್ನು ಮುಟ್ಟಿದ ಕೈ ಒಂದಿತ್ತು. ಅದಕ್ಕೆ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ.

ಪುಣೆಯ ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ಪಂಡಿತಾ ರಮಾಬಾಯಿ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಈ ರಮಾಬಾಯಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಗವರ್ನರು ಆ ಮಾತನ್ನು ಅಲ್ಲಗಳೆದ. ಆಗ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆ, ಪುಣೆಯಿಂದ ಬಂದ ಕಾಗದಗಳನ್ನು ನಂಬಿ, ಸೋಲ್ಜರುಗಳು ಸ್ತ್ರೀಯರ ಮೇಲೆ ಅತ್ಯಾಚಾರ ಮಾಡಿದರೆಂದು ಅಲ್ಲಿಯ ಪತ್ರಿಕೆಯಲ್ಲಿ ಹೇಳಿದರು. ಊರಿಗೆ ಬಂದ ಮೇಲೆ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಗೋಖಲೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರನ್ನು ಹೇಡಿಯೆಂದು ಹಳಿದವರು ಉಂಟು. ಆದರೆ ಮಾನಕ್ಕೆ ಸಂಬಂಧಿಸಿದ ವಿಷಯದಲ್ಲಿ ಸಾಕ್ಷಿ ಕಟ್ಟೆ ಹತ್ತುವುದು ಆ ಕಾಲದ ಹೆಂಗಸಿಗೆ ಎರಡನೆಯ ತಪಾಸಣೆಯೇ ಅಲ್ಲವೆ? ಸಾಕ್ಷಿ ಬಾರದ್ದರಿಂದ ಏನೂ ನಡೆಯಲಿಲ್ಲವೆಂದು ಹೇಳಲು ಬಾರದು. ನಡೆಯಿತೆಂದು ಹೇಳಲೂ ಬಾರದು. ಬಲವಂತದ ವ್ಯವಸ್ಥೆಯಲ್ಲಿ ಸತ್ಯವೇ ಮೊದಲು ಬಚ್ಚಿಟ್ಟುಕೊಳ್ಳುತ್ತದೆ.

1897ರ ಜೂನ್ 22. ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ರಾತ್ರಿ. ಗಣೇಶಖಿಂಡಿನ ಸರ್ಕಾರಿ ಬಂಗಲೆಯ ಔತಣ ಮುಗಿಸಿ ಗಾಡಿಯಲ್ಲಿ ಹಿಂದಿರುಗುತ್ತಿದ್ದ ರ್‍ಯಾಂಡನ ಮೇಲೆಯೂ ಹಿಂದಿನ ಗಾಡಿಯಲ್ಲಿದ್ದ ಲೆಫ್ಟೆನೆಂಟ್ ಅಯರ್ಸ್ಟನ ಮೇಲೆಯೂ ಗುಂಡು ಹಾರಿತು. ಅಯರ್ಸ್ಟ್ ಅಲ್ಲಿಯೇ ಸತ್ತ. ರ್‍ಯಾಂಡ್ ಜುಲೈ 3ರಂದು ಸತ್ತ. ದಾಮೋದರ ಚಾಪೇಕರನಿಗೆ 1898ರಲ್ಲಿಯೂ ಅವನ ತಮ್ಮಂದಿರಿಗೂ ಗೆಳೆಯ ರಾನಡೆಗೂ ಮರುವರ್ಷವೂ ಗಲ್ಲಾಯಿತು. ‘ಕೇಸರಿ’ಯಲ್ಲಿ ಬಂದ ಬರಹಗಳಿಗಾಗಿ ಲೋಕಮಾನ್ಯ ತಿಲಕರಿಗೆ ಹದಿನೆಂಟು ತಿಂಗಳ ಸೆರೆವಾಸ ವಿಧಿಸಿದರು. ಇದೇ ತಿಲಕರು, ಊರಿನ ಎಷ್ಟೋ ಮುಖಂಡರು ಓಡಿಹೋದಾಗ ಪುಣೆಯಲ್ಲಿಯೇ ನಿಂತು, ಜನಕ್ಕೆ ಹಿಡಿಸುವಂಥ ಬೇರೊಂದು ಪ್ಲೇಗಿನ ಆಸ್ಪತ್ರೆಯನ್ನು ಏರ್ಪಡಿಸಲು ದುಡಿದವರು. ಅವರ ವಿರೋಧ ಚಿಕಿತ್ಸೆಯ ಮೇಲಲ್ಲ, ಚಿಕಿತ್ಸೆಗೆ ತೊಡಿಸಿದ್ದ ಸೋಲ್ಜರನ ಬೂಟಿನ ಮೇಲೆ.

ಇಷ್ಟಾದರೂ ತಪಾಸಣೆ ನಿಲ್ಲಲಿಲ್ಲ. 1898ರ ಮಾರ್ಚ್ 9ರಂದು ಮುಂಬಯಿಯ ಮುಸಲ್ಮಾನ ನೇಕಾರರ ಕೇರಿಯಲ್ಲಿ ಕಾಯಿಲೆಯಾಗಿದ್ದ ಹನ್ನೆರಡು ವರ್ಷದ ಒಬ್ಬ ಹುಡುಗಿಯನ್ನು ಪರೀಕ್ಷಿಸಲು ಪ್ಲೇಗಿನ ತಂಡ ಬಂತು. ಮನೆಯವರು ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಕೇರಿಯ ಜನ ಕೂಡಿದರು. ಕಲ್ಲು, ದೊಣ್ಣೆ, ಕೊನೆಗೆ ಪೋಲೀಸರ ಗುಂಡು. ಒಂದು ಮಗುವಿನ ನಾಡಿ ಹಿಡಿಯುವ ಪ್ರಶ್ನೆಯಿಂದ ನಗರವೇ ಹೊತ್ತಿಕೊಂಡಿತು. ಆ ವರ್ಷ ಮೇ ತಿಂಗಳಿನಲ್ಲಿ ಕಲ್ಕತ್ತೆಯಲ್ಲಿ ಗಲಭೆ. 1900ರ ಏಪ್ರಿಲಿನಲ್ಲಿ ಕಾನ್ಪುರದಲ್ಲಿ ಜನ ಪ್ಲೇಗಿನ ಕ್ಯಾಂಪಿಗೆ ನುಗ್ಗಿ ಬೆಂಕಿ ಇಟ್ಟರು. ಅಲ್ಲಿ ಕಾವಲಿದ್ದ ಪೋಲೀಸಿನವರೂ ಸತ್ತರು.

ಇಲ್ಲಿ ಪೋಲೀಸಿನ ಪೇದೆಯ ವಿಷಯ ಒಂದು ಮಾತು ಹೇಳಬೇಕು. ‘ಸರ್ಕಾರ’ ಎಂದಾಗ ಓಣಿಯ ಜನಕ್ಕೆ ಕಾಣುತ್ತಿದ್ದುದು ವೈಸರಾಯನಲ್ಲ, ಈ ಪೇದೆ. ಸ್ಮಶಾನದ ಬಾಗಿಲಲ್ಲಿ ನಿಂತು ಹೆಣ ಯಾವ ರೋಗದ್ದೆಂದು ಕೇಳುವವನು ಅವನು. ಊರಿನ ಗಡಿಯಲ್ಲಿ ಚೀಟಿ ನೋಡುವವನು ಅವನು. ಕ್ಯಾಂಪಿನ ಬೇಲಿ ಕಾಯುವವನೂ ಅವನೇ. ಸಂಬಳ ಅಲ್ಪ. ಕಣ್ಣು ಮುಚ್ಚಿಕೊಳ್ಳಲು ಇಷ್ಟು, ಸುಳ್ಳು ಅನುಮಾನ ಹಾಕದಿರಲು ಇಷ್ಟು ಎಂದು ಅವನಲ್ಲಿ ಕೆಲವರು ಕೈಯೊಡ್ಡಿದರೆಂದು ಆ ಕಾಲದ ದೂರುಗಳು ಹೇಳುತ್ತವೆ. ಆದರೆ ಅವನೂ ಅದೇ ಓಣಿಯಲ್ಲಿ ವಾಸಿಸುವವನು. ತನ್ನ ತಾಯಿಯ ಕಂಕುಳಲ್ಲಿ ಗಡ್ಡೆ ಎದ್ದಿದ್ದರೆ ಅವನೂ ಬಾಗಿಲು ಮುಚ್ಚುತ್ತಿದ್ದನೇನೋ. ಗುಂಡು ಹಾರಿಸಿದವರ ಸಾಲಿನಲ್ಲಿಯೂ ಅವನಿದ್ದ, ಕಾನ್ಪುರದಲ್ಲಿ ಸತ್ತವರ ಸಾಲಿನಲ್ಲಿಯೂ ಅವನಿದ್ದ.

ಗಾಳಿಸುದ್ದಿಗಳಿಗಂತೂ ಲೆಕ್ಕವಿರಲಿಲ್ಲ. ಆಸ್ಪತ್ರೆಯಲ್ಲಿ ಮನುಷ್ಯರನ್ನು ಕೊಂದು ಎಣ್ಣೆ ತೆಗೆಯುತ್ತಾರಂತೆ. ಡಾಕ್ಟರೇ ವಿಷ ಹಾಕುತ್ತಾನಂತೆ. ಮುಂಬಯಿಯಲ್ಲಿ ಯಾರೋ ರಾಣಿಯ ಪ್ರತಿಮೆಗೆ ಟಾರು ಬಳಿದರಲ್ಲ, ಅದಕ್ಕೆ ರಾಣಿ ಬಲಿ ಕೇಳಿದ್ದಾಳಂತೆ. ಓದಿದವರು ಇವನ್ನು ಕೇಳಿ ನಕ್ಕರು. ನಗುವುದು ಸುಲಭ. ಆದರೆ ಆಸ್ಪತ್ರೆಗೆ ಹೋದವರಲ್ಲಿ ಬಹುಮಂದಿ ಹಿಂದಿರುಗಿ ಬರಲಿಲ್ಲವೆಂಬುದು ಸುಳ್ಳಲ್ಲ. ಸಾಯುವ ಹೊತ್ತಿನಲ್ಲಿ ಬಾಯಿಗೆ ನೀರು ಬಿಡಲು ಮಗನಿಲ್ಲ, ಹೆಣಕ್ಕೆ ಸಂಸ್ಕಾರವಿಲ್ಲ ಎಂದರೆ ನಮ್ಮ ಜನಕ್ಕೆ ಅದು ಸಾವಿಗಿಂತ ದೊಡ್ಡ ಸಾವು. ಭಯಕ್ಕೆ ಅವರು ಕೊಟ್ಟ ಕಾರಣ ಸುಳ್ಳಿರಬಹುದು, ಭಯ ಸುಳ್ಳಾಗಿರಲಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಹುಬ್ಬಳ್ಳಿಗಳಿಗೆ ರೋಗ ಮೊದಲು ಬಂತು. ಹುಬ್ಬಳ್ಳಿ ರೈಲಿನ ದೊಡ್ಡ ಜಂಕ್ಷನ್ನು. ಅಲ್ಲಿಂದ ಕಬ್ಬಿಣದ ಹಾದಿ ಹಿಡಿದು 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಇಳಿಯಿತು. ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಮುಂದೆ ದಿವಾನರಾಗಲಿದ್ದ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಬೆಂಗಳೂರಿನಲ್ಲಿ ಆಗ ಎರಡು ಆಳ್ವಿಕೆ: ಪೇಟೆ ಮಹಾರಾಜರದು, ದಂಡು ರೆಸಿಡೆಂಟರದು. ಎರಡು ಕಡೆಯೂ ತಪಾಸಣೆ, ಎರಡು ಕಡೆಯೂ ಕ್ಯಾಂಪು. ಪಕ್ಕದ ಮದರಾಸು ಪ್ರಾಂತದಲ್ಲಿ ರೋಗದ ಊರಿನಿಂದ ಬಂದವನಿಗೆ ‘ಪ್ಲೇಗಿನ ಪಾಸ್‌ಪೋರ್ಟು’ ಕೊಟ್ಟು, ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕೆಂದು ಕಟ್ಟುಮಾಡಿದ್ದರು. ಅಳಿಯನ ಮನೆಗೆ ಹಬ್ಬಕ್ಕೆ ಹೋದ ಮಾವನೂ ದಿನಾ ಬೆಳಿಗ್ಗೆ ಹಾಜರಿ ಹಾಕಿಸಬೇಕು.

ನಮ್ಮಲ್ಲಿಯೂ ಎಲ್ಲವೂ ಶಾಂತವಾಗಿ ನಡೆಯಲಿಲ್ಲ. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ಪ್ಲೇಗಿನ ನಿಯಮಗಳಿಗೆ ವಿರೋಧವಾಗಿ ದೊಡ್ಡ ದೊಂಬಿ ಎದ್ದಿತು. ಪುಣೆಯಂತೆ ಇಲ್ಲಿ ಬಿಳಿಯ ಸೋಲ್ಜರು ಇರಲಿಲ್ಲ. ರಾಜರು ನಮ್ಮವರು, ಅಮಲ್ದಾರರು ನಮ್ಮವರು, ಪೋಲೀಸಿನವರೂ ನಮ್ಮವರು. ಆದರೂ ಜನ ಎದ್ದರು. ಇದನ್ನು ಗಮನಿಸಬೇಕು. ಜಗಳ ಕೇವಲ ಕರಿಯರಿಗೂ ಬಿಳಿಯರಿಗೂ ನಡೆದದ್ದಲ್ಲ. ಹೇಳದೆ ಕೇಳದೆ ಮನೆಯೊಳಕ್ಕೆ ಬರುವ ಅಧಿಕಾರಕ್ಕೂ ಮನೆಗೂ ನಡೆದದ್ದು.

ಇದಕ್ಕೆ ಎದುರಾಗಿ ಹುಬ್ಬಳ್ಳಿಯ ಒಂದು ಸಂಗತಿಯನ್ನಿಡಬಹುದು. ರಷ್ಯದಿಂದ ಬಂದ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಚುಚ್ಚುಮದ್ದು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ರೋಗ ತೀವ್ರವಾಗಿದ್ದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು. ಊರಿನ ಬಹುಪಾಲು ಅದೇ ಆಯಿತು. ಹಾಕಿಸಿಕೊಂಡವರಿಗೆ ಚೀಟಿ ಸಿಗುತ್ತಿತ್ತು. ಚೀಟಿಯಿದ್ದವರಿಗೆ ಓಡಾಟದ ಕಟ್ಟುಗಳಲ್ಲಿ ರಿಯಾಯತಿ. ಆದ್ದರಿಂದ ಪೂರಾ ಸ್ವಂತ ಇಚ್ಛೆ ಎನ್ನಲಾಗದು. ಆದರೂ ನೋಡಿ, ಸೂಜಿಯ ಗಾಳಿಸುದ್ದಿಗೇ ಕಲ್ಕತ್ತೆ ಹೊತ್ತಿ ಉರಿದ ವರ್ಷದಲ್ಲಿಯೇ ಹುಬ್ಬಳ್ಳಿಯ ಜನ ಸರದಿಯಲ್ಲಿ ನಿಂತು ತೋಳು ಚಾಚಿದರು. ಪಕ್ಕದ ಮನೆಯವನು ಹಾಕಿಸಿಕೊಂಡು ಬದುಕಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಪೋಲೀಸರ ಮಾತಿಗಿಂತ ಪಕ್ಕದ ಮನೆಯವನ ಆರೋಗ್ಯ ಹೆಚ್ಚು ಬಲವಾದ ಸಾಕ್ಷಿ.

ಬೆಂಗಳೂರಿನಲ್ಲಿಯೂ ಹೀಗೆ ನಂಬಿಕೆ ಗಳಿಸಿದವರು ಇದ್ದರು. ಈಳವ ಕುಲದವರೆಂಬ ಕಾರಣಕ್ಕೆ ಸ್ವಂತ ಸಂಸ್ಥಾನವಾದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿಗೆ ಬಂದ ಡಾಕ್ಟರ್ ಪಲ್ಪು, ಆ ಪ್ಲೇಗಿನ ದಿನಗಳಲ್ಲಿ ಹೆಣಗಳ ನಡುವೆಯೇ ನಿಂತು ದುಡಿದರು. ಅವರಂತೆ ದುಡಿದ ಡಾಕ್ಟರುಗಳು, ದಾದಿಯರು, ಝಾಡಮಾಲಿಗಳು ಎಷ್ಟೋ ಮಂದಿ ಹೆಸರಿಲ್ಲದೆ ಹೋದರು.

ಈಗ ಈ ಕಥೆಯ ವಿಚಿತ್ರವಾದ ಭಾಗ. ಇಷ್ಟೆಲ್ಲ ಹಿಂಸೆ, ಇಷ್ಟೆಲ್ಲ ದೊಂಬಿ ನಡೆದದ್ದು ಯಾವ ತಪಾಸಣೆಗಾಗಿ? ಮನುಷ್ಯನ ಮೈಯಲ್ಲಿ ಗಡ್ಡೆ ಹುಡುಕುವುದಕ್ಕಾಗಿ. ಆದರೆ ಗಡ್ಡೆಯ ಪ್ಲೇಗು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವೇ ಅಲ್ಲ. ಅದು ಇಲಿಗಳ ರೋಗ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಹಸಿದು ಮನುಷ್ಯನನ್ನು ಕಚ್ಚುತ್ತದೆ; ವಿಷ ಹಾಗೆ ದಾಟುತ್ತದೆ. ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ ಮುಂಬಯಿಯಲ್ಲಿ ರೋಗಿಗಳ ಮೈಯಲ್ಲಿ ಸಣ್ಣ ಗುಳ್ಳೆಗಳನ್ನು ಕಂಡು ಇದು ಚಿಗಟ ಕಚ್ಚಿದ ಗುರುತೆಂದು ಊಹಿಸಿದ. 1898ರ ಜೂನಿನಲ್ಲಿ ಕರಾಚಿಯ ಒಂದು ಹೋಟೆಲಿನ ಕೋಣೆಯಲ್ಲಿ, ರೋಗದ ಇಲಿಯಿಂದ ಆರೋಗ್ಯದ ಇಲಿಗೆ ಚಿಗಟದ ಮೂಲಕ ಪ್ಲೇಗು ದಾಟುವುದನ್ನು ಪರೀಕ್ಷೆ ಮಾಡಿ ತೋರಿಸಿದ. ದೊಡ್ಡ ದೊಡ್ಡ ಪಂಡಿತರು ಅದನ್ನು ಒಪ್ಪಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಸಂಶೋಧನಾ ಮಂಡಲಿಯವರು ಮತ್ತೆ ಮತ್ತೆ ಪರೀಕ್ಷಿಸಿ ಸಿಮೋನನ ಮಾತು ನಿಜವೆಂದು ಸ್ಥಾಪಿಸಿದರು.

ಅಂದರೆ ನಿಲ್ದಾಣದಲ್ಲಿ ಡಾಕ್ಟರು ಹೆಂಗಸಿನ ಕಂಕುಳನ್ನು ಮುಟ್ಟಿ ನೋಡುತ್ತಿದ್ದಾಗ, ರೋಗ ಅದೇ ಗಾಡಿಯ ಧಾನ್ಯದ ಮೂಟೆಗಳಲ್ಲಿ ಕುಳಿತು ಯಾರ ತಪಾಸಣೆಯೂ ಇಲ್ಲದೆ ಮುಂದಿನ ಊರಿಗೆ ಪ್ರಯಾಣ ಮಾಡುತ್ತಿತ್ತು!

ಇದಕ್ಕಿಂತ ವಿಚಿತ್ರವೆಂದರೆ, ಪಂಡಿತರು ತಿಳಿಯುವುದಕ್ಕೆ ಮುಂಚೆಯೇ ಇದರ ಅರ್ಧ ನಮ್ಮ ಜನಕ್ಕೆ ಗೊತ್ತಿತ್ತು. ಹಿಮಾಲಯದ ಕುಮಾವೂನು, ಗಡವಾಲಗಳ ಹಳ್ಳಿಯವರು ಇಲಿ ಸಾಯತೊಡಗಿದರೆ ಊರು ಬಿಟ್ಟು ಮೇಲಿನ ಗುಡ್ಡಕ್ಕೆ ಹೋಗುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ವರದಿಗಳಲ್ಲಿಯೇ ಇತ್ತು. ನಮ್ಮ ಕಡೆಯೂ ಒಂದೆರಡು ವರ್ಷದ ಅನುಭವದಿಂದಲೇ ಜನ ಕಲಿತರು. ‘ಇಲಿ ಬಿತ್ತು’ ಎಂಬ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಪಾತ್ರೆ ಪರಡಿ ಕಟ್ಟಿಕೊಂಡು ಊರ ಹೊರಗಿನ ಬಯಲಿನಲ್ಲಿಯೋ ತೋಟದಲ್ಲಿಯೋ ಗುಡಿಸಲು, ಷೆಡ್ಡು ಹಾಕಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಅಲ್ಲಿಯೇ ಅಡಿಗೆ, ಅಲ್ಲಿಯೇ ಹಬ್ಬ, ಅಲ್ಲಿಯೇ ಬಾಣಂತಿತನ. ಪ್ಲೇಗಿನ ಷೆಡ್ಡಿನಲ್ಲಿ ಹುಟ್ಟಿದವರೆಂದು ಹಿರಿಯರನ್ನು ಗುರುತಿಸುತ್ತಿದ್ದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮಾರಮ್ಮನ ಬಳಗಕ್ಕೆ ಒಬ್ಬ ಪ್ಲೇಗಮ್ಮನೂ ಸೇರಿಕೊಂಡಳು. ಸರ್ಕಾರ ಮನುಷ್ಯರ ಮೈ ನೋಡುತ್ತಿತ್ತು. ಜನ ಇಲಿಯ ಹೆಣ ನೋಡುತ್ತಿದ್ದರು. ಸರಿಯಾದ ಕಡೆ ನೋಡಿದವರು ಜನ.

ಕಾಲಕ್ರಮದಲ್ಲಿ ಸರ್ಕಾರವೂ ಕಲಿಯಿತು. ಕಲ್ಕತ್ತೆಯ ಗಲಭೆಯಾದೊಡನೆ ಬಂಗಾಳದ ಲೆಫ್ಟೆನೆಂಟ್ ಗವರ್ನರ್ ವುಡ್‌ಬರ್ನ್ ರೋಗಿಗಳನ್ನು ಬಲವಂತದಿಂದ ಎಳೆದೊಯ್ಯುವುದಿಲ್ಲವೆಂದು ಭರವಸೆ ಕೊಟ್ಟ. ಸೋದರಿ ನಿವೇದಿತಾ 1899ರಲ್ಲಿ ತಾವೇ ಪೊರಕೆ ಹಿಡಿದು ಬಾಗ್‌ಬಜಾರಿನ ಓಣಿಗಳನ್ನು ಗುಡಿಸಿದರು. ಅದನ್ನು ಕಂಡು ಕೇರಿಯ ಹುಡುಗರು ನಾಚಿ ತಾವೂ ಕೈಹಾಕಿದರು. ಜಾತಿ ಜಾತಿಗಳವರೇ ನಡೆಸುವ ಆಸ್ಪತ್ರೆಗಳಿಗೆ ಒಪ್ಪಿಗೆ ದೊರೆಯಿತು. ಹೆಂಗಸರನ್ನು ನೋಡಲು ಹೆಂಗಸರನ್ನೇ ನೇಮಿಸುವ ಏರ್ಪಾಡು ಹೆಚ್ಚಿತು. ಕಾನ್ಪುರದ ಬೆಂಕಿಯ ಮೇಲಂತೂ ಬಲವಂತದ ತಪಾಸಣೆ, ಬಲವಂತದ ಕ್ಯಾಂಪುಗಳನ್ನು ಒಂದೊಂದಾಗಿ ಸಡಿಲಿಸಿ, ಊರು ಖಾಲಿಮಾಡುವವರಿಗೆ ನೆರವು, ಬೇಕೆಂದವರಿಗೆ ಚುಚ್ಚುಮದ್ದು, ಇಲಿಗಳ ನಾಶ ಈ ಕಡೆಗೆ ಗಮನ ತಿರುಗಿತು. ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನ ಹೊರಕ್ಕೆ ಹರಿದರು. ಆಗತಾನೆ ಗೆರೆ ಎಳೆದಿದ್ದ ಬಸವನಗುಡಿ, ಮಲ್ಲೇಶ್ವರದ ಅಗಲವಾದ ರಸ್ತೆಗಳೂ ಗಾಳಿ ಬೆಳಕಿನ ನಿವೇಶನಗಳೂ ತುಂಬತೊಡಗಿದುವು.

ಹಾಗಾದರೆ ಬಲವಂತ ಎಂದೂ ಬೇಡವೆ? ಅಷ್ಟು ಸುಲಭವಾಗಿ ಹೇಳಲಾರೆ. ಅಂಟುರೋಗವನ್ನು ಬೇಕೆಂದೇ ಹಬ್ಬಿಸುವವನನ್ನು ತಡೆಯುವ ಹಕ್ಕು ಸಮಾಜಕ್ಕೆ ಇರಲೇಬೇಕು. 1897ರ ಆ ನಾಲ್ಕು ಕಲಮಿನ ಕಾಯಿದೆ ಸ್ವತಂತ್ರ ಭಾರತದಲ್ಲಿಯೂ ಉಳಿಯಿತು. 2020ರಲ್ಲಿ ಕೊರೋನಾ ಬಂದಾಗ ಅದನ್ನೇ ಮತ್ತೆ ಬಿಚ್ಚಿ ಉಪಯೋಗಿಸಿದರು. ವೈದ್ಯರ ಮೇಲೆ ಕೈಮಾಡುವವರಿಗೆ ಶಿಕ್ಷೆ ವಿಧಿಸುವ ತಿದ್ದುಪಡಿಯನ್ನೂ ಆ ವರ್ಷವೇ ಸೇರಿಸಿದರು. ನಿಲ್ದಾಣದ ಬಾಗಿಲಲ್ಲಿ ಮತ್ತೆ ತಪಾಸಣೆ, ಊರಿನ ಗಡಿಯಲ್ಲಿ ಮತ್ತೆ ಪೋಲೀಸು, ಮನೆಯ ಗೋಡೆಗೆ ಮತ್ತೆ ಚೀಟಿ. ಅದನ್ನು ಕಂಡವರಿಗೆ ಹಳೆಯ ಜಗಳದ ಎರಡು ಪಕ್ಷಗಳೂ ಅರ್ಥವಾದಾವು. ತಪಾಸಣೆಗೆ ಹೆದರಿ ಜ್ವರವನ್ನು ಮುಚ್ಚಿಟ್ಟವರನ್ನೂ ನಾವು ಬಲ್ಲೆವು. ಹಗಲು ರಾತ್ರಿ ದುಡಿದು ಕಾಯಿಲೆ ಬಿದ್ದ ದಾದಿಯರನ್ನೂ ಪೇದೆಗಳನ್ನೂ ಬಲ್ಲೆವು.

ಪ್ಲೇಗಿನ ಆ ಐದು ವರ್ಷ ಕಲಿಸಿದ ಪಾಠ ಇಷ್ಟೇ ಎಂದು ತೋರುತ್ತದೆ. ರೋಗ ತನ್ನಷ್ಟಕ್ಕೆ ತಾನೇ ಬಾಗಿಲು ತಟ್ಟಿ ಹೇಳುವುದಿಲ್ಲ. ಮನೆಯವರು ಹೇಳಿದರೆ ಮಾತ್ರ ವೈದ್ಯನಿಗೆ ತಿಳಿಯುತ್ತದೆ. ಮನೆಯವರು ಹೇಳಬೇಕಾದರೆ ಬರುವವನ ಮೇಲೆ ನಂಬಿಕೆ ಬೇಕು. ಪುಣೆಯಲ್ಲಿ ಎರಡು ಲಕ್ಷ ಸಲ ಬಾಗಿಲು ತೆರೆಸಿಯೂ ಸೋಲ್ಜರಿಗೆ ಸಿಗದ ಸುದ್ದಿ, ಹಳ್ಳಿಯ ಬಾವಿಕಟ್ಟೆಯಲ್ಲಿ ತಾನಾಗಿಯೇ ಹರಡುತ್ತಿತ್ತು: ಅವರ ಹಿತ್ತಲಲ್ಲಿ ಇಲಿ ಬಿತ್ತಂತೆ, ನಾಳೆ ಬೆಳಗಾಗುವುದರೊಳಗೆ ಹೊರಡೋಣ.